ಒಂದೆಲಗವೂ ಜ್ಞಾಪಕಶಕ್ತಿಯೂ

ತುರುವೇಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ, ತೇವವಿರುವ ಕಾಲುವೆಗಳ ಬದಿಯಲ್ಲಿ ಒಂದೆಲಗವು ತಾನಾಗಿಯೇ ಹಬ್ಬಿ ಬೆಳೆಯುತ್ತದೆ. ಅದನ್ನು ತೆಂಗಿನಕಾಯಿಯೊಡನೆ ಅರೆದು ಚಟ್ನಿ ಮಾಡಿ, “ತಿನ್ನು ಮಗಾ, ಬುದ್ಧಿ ಚುರುಕಾಗ್ತದೆ” ಎಂದು ಬಡಿಸುವ ಅಜ್ಜಿಯರು ಇಂದಿಗೂ ಉಂಟು. ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ಇದೇ ನಂಬಿಕೆಯು ಸೀಸೆಯ ರೂಪವನ್ನು ತಾಳಿ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತದೆ. ಕೊಬ್ಬರಿ ಮಾರಿ ಬಂದ ಹಣದಲ್ಲಿ ತಂದೆತಾಯಿಗಳು ಅದನ್ನು ಕೊಳ್ಳುತ್ತಾರೆ. ಈ ವೆಚ್ಚ ಸಾರ್ಥಕವೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಮೊದಲನೆಯ ಮಾತು: ‘ಬ್ರಾಹ್ಮಿ’ ಎಂಬ ಒಂದೇ ಹೆಸರಿನಲ್ಲಿ ಎರಡು ಸಸ್ಯಗಳು ಅಡಗಿವೆ. ನಮ್ಮ ಒಂದೆಲಗವು ಸೆಂಟೆಲ್ಲ ಏಷ್ಯಾಟಿಕ. ತೊಟ್ಟಿಗೊಂದರಂತೆ ಗುಂಡನೆಯ ಎಲೆ. ನೀರುಬ್ರಾಹ್ಮಿಯು ಬಕೋಪ ಮೊನ್ನಿಯೇರಿ. ಅದರ ಕಿರಿದಾದ ದಪ್ಪನೆಯ ಎಲೆಗಳು ಜೋಡಿಜೋಡಿಯಾಗಿರುತ್ತವೆ. ಮೊದಲನೆಯದರಲ್ಲಿರುವುದು ಏಷ್ಯಾಟಿಕೋಸೈಡ್, ಎರಡನೆಯದರಲ್ಲಿ ಬಕೋಸೈಡ್. ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸುವುದು ಶಾಸ್ತ್ರಸಮ್ಮತವಲ್ಲ.

ಒಂದೆಲಗವನ್ನು ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪರಿಶೀಲಿಸಿದಾಗ, ಜ್ಞಾಪಕಶಕ್ತಿಯಲ್ಲಿ ನಿಶ್ಚಿತವಾದ ಹೆಚ್ಚಳವೇನೂ ಕಂಡುಬರಲಿಲ್ಲ. ನೀರುಬ್ರಾಹ್ಮಿಯ ವಿಷಯ ಸ್ವಲ್ಪ ಬೇರೆ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, 40ರಿಂದ 65 ವರ್ಷದ 76 ಮಂದಿಯ ಪೈಕಿ ಕೆಲವರಿಗೆ ಈ ಮೂಲಿಕೆಯನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಮೂರು ತಿಂಗಳು ಕೊಟ್ಟರು. ಮೂಲಿಕೆಯನ್ನು ಸೇವಿಸಿದವರಲ್ಲಿ ಹೊಸದಾಗಿ ಕಲಿತುದರ ಮರೆವು ಕಡಿಮೆಯಾಗಿತ್ತು. ಆದರೆ ಕಲಿಯುವ ವೇಗವಾಗಲಿ, ಅವಧಾನವಾಗಲಿ ಹೆಚ್ಚಿರಲಿಲ್ಲ. ಫಲ ಕಂಡುದು ನಡುವಯಸ್ಸಿನವರಲ್ಲಿ, ಅದೂ ಮೂರು ತಿಂಗಳ ಸೇವನೆಯ ತರುವಾಯ ಎಂಬುದನ್ನು ಮರೆಯಬಾರದು. ಪರೀಕ್ಷೆಗೆ ಹದಿನೈದು ದಿನವಿರುವಾಗ ಸೀಸೆಯನ್ನು ಹಿಡಿಯುವ ಹದಿನಾರರ ವಿದ್ಯಾರ್ಥಿಗೆ ಇದರಿಂದ ಯಾವ ಭರವಸೆಯೂ ದೊರೆಯದು. ಹೊಟ್ಟೆ ತೊಳಸುವುದು, ಭೇದಿಯಾಗುವುದು ಕೂಡ ಕೆಲವರಲ್ಲಿ ಕಂಡುಬಂದಿದೆ.

ಹಾಗಾದರೆ ಜ್ಞಾಪಕಕ್ಕೆ ದಾರಿಯೇ ಇಲ್ಲವೇ? ಉಂಟು, ಅದಕ್ಕೆ ಕಾಸಿನ ಖರ್ಚಿಲ್ಲ. ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನೋಡಿರಿ. ಪಾಠವನ್ನು ನಾಲ್ಕು ಅವಧಿಗಳಲ್ಲಿಯೂ ಬರಿದೆ ಓದಿದವರಿಗೆ ಒಂದು ವಾರದ ಬಳಿಕ ನೆನಪಿದ್ದುದು ಶೇಕಡಾ 40 ಭಾಗ. ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇಕಡಾ 61 ಭಾಗ ನೆನಪಿತ್ತು. ಹೀಗೆ ಕಲಿತುದು ಮಿದುಳಿನಲ್ಲಿ ನೆಲೆಗೊಳ್ಳಲು ನಿದ್ರೆಯೂ ಅವಶ್ಯಕ. ಸೀಸೆಯನ್ನು ನಂಬಿ ರಾತ್ರಿಯೆಲ್ಲ ಎಚ್ಚರವಿರುವವನು ಇದ್ದ ಶಕ್ತಿಯನ್ನೂ ಕಳೆದುಕೊಳ್ಳುತ್ತಾನೆ.

ಅಜ್ಜಿಯ ಚಟ್ನಿಯನ್ನು ನಾವು ಬೇಡವೆನ್ನುವುದಿಲ್ಲ; ರುಚಿಯಾದ ಸೊಪ್ಪನ್ನು ಸಂತೋಷದಿಂದ ಉಣ್ಣೋಣ. ಉಂಡ ಮೇಲೆ ಪುಸ್ತಕವನ್ನು ಒಮ್ಮೆ ತೆರೆಯೋಣ, ಮೂರು ಬಾರಿ ಮುಚ್ಚಿ ಬರೆಯೋಣ. ಸೀಸೆಯ ಹಣ ಮನೆಯಲ್ಲಿಯೇ ಉಳಿಯಲಿ.