ಬೇವಿನ ಸೊಪ್ಪೂ ನಮ್ಮ ಸೋಮಾರಿತನವೂ

ಚೆನ್ನೈಗೆ ಬಂದು ನೆಲೆಸಿದ ನಾವು ಕನ್ನಡಿಗರು ಇಲ್ಲಿನ ಸಾಂಬಾರಿನ ರುಚಿಯನ್ನು ಒಪ್ಪಿಕೊಳ್ಳಲು ಹತ್ತು ವರ್ಷ ತೆಗೆದುಕೊಳ್ಳುತ್ತೇವೆ. ಆದರೆ ಮಗುವಿನ ಮೈಮೇಲೆ ಕೆಂಪು ದದ್ದು ಎದ್ದ ದಿನ ನೆರೆಮನೆಯವರೊಡನೆ ನಮಗೆ ಕ್ಷಣಮಾತ್ರದಲ್ಲಿ ಐಕಮತ್ಯ ಉಂಟಾಗಿಬಿಡುತ್ತದೆ. ಅವರು ‘ಅಮ್ಮೈ’ ಎನ್ನುತ್ತಾರೆ, ನಾವು ‘ಅಮ್ಮ’ ಎನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಏರುತ್ತದೆ, ಅಡಿಗೆಮನೆಯಲ್ಲಿ ಒಗ್ಗರಣೆ ನಿಲ್ಲುತ್ತದೆ. ಬಂದಿರುವುದು ಸೀತಾಳೆಯೋ ದಡಾರವೋ ಎಂದು ವಿಚಾರಿಸುವವರಿಲ್ಲ. ಡಾಕ್ಟರ ಹೆಸರೆತ್ತಿದರೆ ಹಿರಿಯರು ಕೆನ್ನೆ ಬಡಿದುಕೊಳ್ಳುತ್ತಾರೆ.

ಅಮ್ಮನ ಮೇಲೆ ನಮಗೆ ಕೋಪವಿಲ್ಲ. ಆಡಿ ಮಾಸದಲ್ಲಿ ಬೀದಿಯ ಮಾರಿಯಮ್ಮನ ಗುಡಿಯ ಕೂಳನ್ನು ನಾವೂ ಭಕ್ತಿಯಿಂದ ಕುಡಿದವರೇ. ನಮ್ಮ ಜಗಳವೇನಿದ್ದರೂ ಅಮ್ಮನ ಹೆಸರಿನ ಹಿಂದೆ ಅಡಗಿಕೊಳ್ಳುವ ನಮ್ಮ ಅಲಕ್ಷ್ಯದೊಡನೆ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುತ್ತೇವೆ. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾದಾಗ ಮಗಳಿಗೆ ಒಂದೂವರೆ ವರ್ಷ. ಒಂಬತ್ತನೆಯ ತಿಂಗಳಿನ ಚುಚ್ಚುಮದ್ದು ಆಗಿತ್ತು, ಎರಡನೆಯದು ಬಾಕಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಲಸಿಕೆಯ ಕಾರ್ಡು ಕಾಣೆಯಾಯಿತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಜೋಪಾನ ಮಾಡುವುದೇ ಕಸುಬಾದ ನಾವು ಮಗಳ ಒಂದು ಕಾರ್ಡನ್ನು ಕಾಪಾಡಲಾರದೆ ಹೋದೆವು!

2017ರ ಫೆಬ್ರವರಿಯಲ್ಲಿ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಮನೆಬಾಗಿಲಿಗೇ ಬಂತು. ಕರ್ನಾಟಕ, ತಮಿಳುನಾಡು, ಪುದುಚೇರಿ, ಗೋವಾ, ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ ನಡೆಯಿತು. ಆಗಲೇ ವಾಟ್ಸಾಪಿನಲ್ಲಿ ಲಸಿಕೆ ಅಪಾಯಕಾರಿ ಎಂಬ ವದಂತಿ ಹಬ್ಬಿ, ತಮಿಳುನಾಡಿನಲ್ಲಿ ಅನೇಕ ತಂದೆತಾಯಿಯರು ಹಿಂಜರಿದರು. ಆಂದೋಲನದ ಅವಧಿಯನ್ನೇ ಮುಂದುವರಿಸಬೇಕಾಯಿತು. ಆ ತಮಿಳು ಸಂದೇಶವನ್ನು ಕನ್ನಡಕ್ಕೆ ಮಾಡಿ ನಮ್ಮವರ ಗುಂಪಿಗೆ ಕಳಿಸಿದವರು ಯಾರು? ಬಿ.ಎಸ್ಸಿ. ಓದಿದ ನಾವೇ. ಶಾಲೆಯ ಒಪ್ಪಿಗೆ ಚೀಟಿಗೆ ಸಹಿ ಹಾಕಲಿಲ್ಲ.

ಆ ವರ್ಷವೇ ಮಗಳಿಗೆ ದಡಾರ ಬಂತು. ನಾವು ಬೇವು ಕಟ್ಟಿ, ತಲೆಗೆ ನೀರು ಹಾಕುವ ದಿನ ಎಣಿಸುತ್ತ ಕುಳಿತೆವು. ದದ್ದು ಬಾಡುತ್ತ ಬಂದಂತೆ ನಮಗೆ ನೆಮ್ಮದಿ. ಆದರೆ ಉಸಿರಾಡುವಾಗ ಅವಳ ಪಕ್ಕೆ ಒಳಸೇದುತ್ತಿದ್ದುದನ್ನು ನೋಡಿದವಳು ಮನೆಕೆಲಸದಾಕೆ. ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಮಗಳು ಉಳಿದಳು, ನಮ್ಮ ಜಾಣತನ ಉಳಿಯಲಿಲ್ಲ.

ದಡಾರವು ಮೂಲತಃ ಉಸಿರಿನ ರೋಗ. ಅದರ ವೈರಾಣು ಮೂಗು-ಗಂಟಲಿನ ಮೂಲಕ ಹೊಕ್ಕು, ಸುಮಾರು ಹತ್ತು ದಿನದ ಮೇಲೆ ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣುಗಳಾಗಿ ತೋರುತ್ತದೆ. ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಾಣಬಹುದು. ಅದಾದ ಮೇಲೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ದದ್ದು ಎದ್ದು, ಮುಖದಿಂದ ಕೆಳಗಿಳಿಯುತ್ತದೆ. ಆ ದದ್ದಾದರೋ ಬಹುಮಟ್ಟಿಗೆ ವೈರಾಣುವಿನೊಡನೆ ನಮ್ಮ ಶರೀರವೇ ನಡೆಸುವ ಹೋರಾಟದ ಗುರುತು. ದದ್ದು ಕಾಣುವುದಕ್ಕೆ ನಾಲ್ಕು ದಿನ ಮೊದಲೇ ಮಗು ರೋಗವನ್ನು ಹಂಚತೊಡಗಿರುತ್ತದೆ. ಕೆಮ್ಮಿದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಇರಬಲ್ಲುದು. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಹುದು. ಎಂದ ಮೇಲೆ, ನಾವು ಬಾಗಿಲಿಗೆ ಬೇವು ಕಟ್ಟುವ ಹೊತ್ತಿಗೆ ರೋಗ ಶಾಲೆಗೆ ಹೋಗಿ ಹಾಜರಿ ಹಾಕಿ ಬಂದಿರುತ್ತದೆ!

ಮನೆಗೆ ಹೊರಗಿನವರು ಬರಬಾರದೆಂಬ ಹಳೆಯ ಕಟ್ಟಳೆ ಒಳ್ಳೆಯದೇ, ಅದನ್ನು ಪಾಲಿಸೋಣ. ಆದರೆ ಡಾಕ್ಟರೂ ಹೊರಗಿನವರೆಂದರೆ ಹೇಗೆ? ದಡಾರದ ವೈರಾಣುವನ್ನೇ ಕೊಲ್ಲುವ ಔಷಧಿಯಿಲ್ಲ, ನಿಜ. ಪ್ರಾಣಕ್ಕೆ ಎರವಾಗುವುದು ನ್ಯುಮೋನಿಯಾ, ಭೇದಿ, ಮಿದುಳಿನ ಊತ. ಇವನ್ನು ಬೇಗ ಗುರುತಿಸಿದರೆ ಚಿಕಿತ್ಸೆಯುಂಟು. ಕಣ್ಣನ್ನೂ ಜೀವವನ್ನೂ ಕಾಯಲು ಎರಡು ದಿನ ಎ ಜೀವಸತ್ವ ಕೊಡುತ್ತಾರೆ.

ಲಸಿಕೆ ಹಾಕಿಸಿದರೆ ಅಮ್ಮ ಮುನಿಯುತ್ತಾಳೆಂಬ ಹಿರಿಯರಿಗೆ ಒಂದು ಮಾತು. ಸಿಡುಬಿಗಿಂತ ದೊಡ್ಡ ಅಮ್ಮ ಉಂಟೇ? ಅದರ ಲಸಿಕೆಯನ್ನು ಇದೇ ಊರಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ತಯಾರಿಸುತ್ತಿದ್ದರು. 1975ರ ಬಳಿಕ ಈ ದೇಶದಲ್ಲಿ ಸಿಡುಬಿಲ್ಲ. ಮಾರಿಯಮ್ಮನ ಒಂದು ಗುಡಿಯೂ ಅದರಿಂದ ಬರಿದಾಗಲಿಲ್ಲ.

ಇದು ಹಳೆಯ ಕಾಲದ ರೋಗವೆಂದು ಯಾರೂ ಮೈಮರೆಯಬಾರದು. ಕೋವಿಡ್ ಕಾಲದಲ್ಲಿ ಮಕ್ಕಳ ಲಸಿಕೆ ತಪ್ಪಿತು. 2022ರಲ್ಲಿ ಮುಂಬಯಿಯ ಗೋವಂಡಿ ಮೊದಲಾದ ಕಡೆ ದಡಾರ ಹಬ್ಬಿ ಮಕ್ಕಳು ಸತ್ತರು. ಊರು ಬಿಟ್ಟು ಊರಿಗೆ ಹೋಗುವ ನಮ್ಮಂಥವರ ಮನೆಗಳಲ್ಲೇ ಎರಡನೆಯ ಚುಚ್ಚುಮದ್ದು ತಪ್ಪುವುದು ಸುಲಭ. ಅಲ್ಲಿಯವರು ‘ಮದ್ರಾಸಿಗೆ ಹೋದರು’ ಎನ್ನುತ್ತಾರೆ. ಇಲ್ಲಿಯವರಿಗೆ ನಾವು ಬಂದುದೇ ಗೊತ್ತಿರುವುದಿಲ್ಲ.

ಆದಕಾರಣ ಸಂಘದ ಸದಸ್ಯರಲ್ಲಿ ನಮ್ಮ ಬಿನ್ನಹ. ಈ ರಾತ್ರಿಯೇ ಕಾರ್ಡನ್ನು ಹುಡುಕಿ. ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು; ಎರಡೂ ಆಗಿವೆಯೇ ನೋಡಿ. ತಪ್ಪಿದ್ದರೆ ಐದು ವರ್ಷ ತುಂಬುವವರೆಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ಹಾಕುತ್ತಾರೆ. ಇಲ್ಲಿ ಬುಧವಾರ ಲಸಿಕೆಯ ದಿನ. ಅದಕ್ಕಿಂತ ದೊಡ್ಡ ಮಕ್ಕಳಿಗಾಗಿ ಡಾಕ್ಟರನ್ನು ಕೇಳಿ. ಸಂಘವೂ ರಾಜ್ಯೋತ್ಸವದ ದಿನ ಊಟದ ಚೀಟಿ ಕೊಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಮಕ್ಕಳ ಕಾರ್ಡುಗಳನ್ನು ಪರೀಕ್ಷಿಸಲಿ. ಆ ಮೇಜಿನ ಹಿಂದೆ ಕುಳಿತುಕೊಳ್ಳಲು ನಾವು ಸಿದ್ಧ. ತಪ್ಪು ಸಂದೇಶವನ್ನು ಕನ್ನಡಕ್ಕೆ ಮಾಡಿದ ಕೈಗೆ ಅಷ್ಟಾದರೂ ಪ್ರಾಯಶ್ಚಿತ್ತ ಬೇಡವೇ?