ಕಾಲು ಸೆಳೆತ ಮತ್ತು ಎಣ್ಣೆಯ ಸೀಸೆ

ಯೆರವಡಾದಲ್ಲಿ ದುಡಿಯುವ ನಮ್ಮವರಿಗೆ ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಹೊಸತಲ್ಲ. ಹೋಟೆಲಿನ ಒಲೆಯ ಮುಂದೆ ಹತ್ತು ತಾಸು ನಿಂತವನ, ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದವನ ಕಾಲು ಹಾಸಿಗೆಗೆ ಬಿದ್ದ ಮೇಲೆ ಕಲ್ಲಿನಂತೆ ಗಂಟು ಕಟ್ಟುತ್ತದೆ. ಆಗ ಟ್ರಂಕಿನೊಳಗಿನ ಸೀಸೆ ಹೊರಬರುತ್ತದೆ. ಕರಾವಳಿಯವರದಾದರೆ ಕರ್ಪೂರ ಹಾಕಿ ಕಾಸಿದ ತೆಂಗಿನೆಣ್ಣೆ, ಬಯಲುಸೀಮೆಯವರದಾದರೆ ಹರಳೆಣ್ಣೆ. ಲಕ್ಕಿಸೊಪ್ಪು ಕುದಿಸಿದ ನೀರಿನ ಶಾಖ, ಬಾಡಿಸಿದ ಎಕ್ಕದ ಎಲೆ, ಶುಂಠಿ ಕಷಾಯ, ಇವೂ ಊರಿನಿಂದ ನಮ್ಮೊಡನೆ ಬಂದವೇ.

ಇವನ್ನು ಮೌಢ್ಯವೆಂದು ನಗುವವರ ಜೊತೆ ನಾವಿಲ್ಲ. ಶಾಖವೂ ತಿಕ್ಕುವ ಕೈಯೂ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಆದರೆ ಹಿಡಿದ ಕ್ಷಣಕ್ಕೆ ಎಣ್ಣೆಗಿಂತ ಬೇಗ ಒದಗುವ ಉಪಾಯ, ಮೊಣಕಾಲು ನೇರ ಮಾಡಿ ಪಾದವನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಗಿಡದ್ದೆಂದ ಮಾತ್ರಕ್ಕೆ ನಿರಪಾಯವೆಂದೂ ತಿಳಿಯಬಾರದು. ಎಕ್ಕದ ಹಾಲು ಬಿದ್ದರೆ ಕಣ್ಣು ಕೆಡುತ್ತದೆ. ದತ್ತೂರಿ ಹೊಟ್ಟೆಗೆ ಹೋದರೆ ವಿಷ. ಸಿಂಕೋನಾ ತೊಗಟೆಯ ಕ್ವಿನೈನನ್ನು ಕಾಲು ಸೆಳೆತಕ್ಕೆ ಬಹುಕಾಲ ಕೊಡುತ್ತಿದ್ದರು. ಅದರಿಂದ ರಕ್ತಕ್ಕೂ ಹೃದಯಕ್ಕೂ ಅಪಾಯವುಂಟೆಂದು ಅಮೇರಿಕೆಯ ಸರಕಾರ 2006ರಲ್ಲಿ ಎಚ್ಚರಿಸಿತು.

ಇದೇ ಯೆರವಡಾದ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ, 1942ರಲ್ಲಿ, ಗಾಂಧೀಜಿ ಆರೋಗ್ಯದ ವಿಷಯವಾಗಿ ಚಿಕ್ಕ ಪುಸ್ತಕ ಬರೆದರು. ಮಣ್ಣು, ನೀರು, ಗಾಳಿ, ಬಿಸಿಲುಗಳ ಚಿಕಿತ್ಸೆಯನ್ನು ಅದರಲ್ಲಿ ಹೇಳಿದರು. ಆ ನೀರು, ಗಾಳಿ ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿ ಎಷ್ಟಿವೆ?

ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಕೂಲಿಕಾರರ ಸೆಳೆತವನ್ನು ಮಾಸ್ ಎಂಬ ಪಂಡಿತರು ಪರೀಕ್ಷಿಸಿ, ಬೆವರಿನಲ್ಲಿ ಉಪ್ಪು ಹೋದ ಮೇಲೆ ಬರಿಯ ನೀರನ್ನೇ ಕುಡಿದುದು ಕಾರಣವೆಂದು 1923ರಲ್ಲಿ ಬರೆದರು. ಎಲ್ಲ ಸೆಳೆತಕ್ಕೂ ಇದೊಂದೇ ಕಾರಣವಲ್ಲ. ಆದರೆ ಬೆಂಕಿಯ ಮುಂದೆ ಬೆವರುವವನಿಗೆ ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ ಕೊಡುತ್ತಿದ್ದ ನಮ್ಮ ಹಿರಿಯರ ಮದ್ದು ಎಣ್ಣೆಗಿಂತ ಮೇಲು.

1948ರ ಕಾರಖಾನೆ ಕಾಯಿದೆ, 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಗೆಯಲ್ಲಿ ತಂಪು ನೀರು ಕೊಡತಕ್ಕದ್ದೆಂದು ವಿಧಿಸಿತ್ತು. ಹತ್ತು ಜನರ ಹೋಟೆಲಿನ ಹುಡುಗ ಯಾರನ್ನು ಕೇಳಬೇಕು? ಮಾಲೀಕರಲ್ಲಿ ಕೆಲವರಾದರೂ ಅದೇ ಒಲೆಯ ಮುಂದೆ ನಿಂತು ಮೇಲೆ ಬಂದವರು. ಅವರನ್ನು ನಾವು ಕೇಳುವುದು ಹೆಚ್ಚಿನದಲ್ಲ: ಒಲೆಯ ಬಳಿ ಒಂದು ಕೊಡ ಉಪ್ಪು ಮಜ್ಜಿಗೆ, ಝಳ ಹೋಗಲು ಒಂದು ಕಿಟಕಿ, ಎರಡು ತಾಸಿಗೊಮ್ಮೆ ಹತ್ತು ನಿಮಿಷ ಕೂರಲು ಒಂದು ಮಣೆ. ತೈಲದ ಸೀಸೆ ಕೊಡಿಸಿ ಕೈ ತೊಳೆದುಕೊಂಡರೆ ಸಾಲದು.

ರಕ್ತದೊತ್ತಡ ಉಳ್ಳವರು ಉಪ್ಪಿನ ವಿಷಯದಲ್ಲಿ ಮೊದಲು ಡಾಕ್ಟರರನ್ನು ಕೇಳಲಿ. ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಬಿಡದಿದ್ದರೆ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥವರನ್ನು ಜೊತೆಯವರು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.