ಹೇಂಟೆಯ ಪಾದವೂ ಹಿತ್ತಿಲ ನೆಲವೂ

ಕೋಳಿಯ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ತಿಳಿವಳಿಕೆ ಸಾಲದೆಂದು ಹೇಳುವ ಧೈರ್ಯ ಯಾರಿಗೂ ಬಾರದು. ಯಾವ ಬಣ್ಣದ ಹುಂಜವನ್ನು ಯಾವ ವಾರ ಯಾವ ದಿಕ್ಕಿನಿಂದ ಕಣಕ್ಕಿಳಿಸಿದರೆ ಜಯ ಲಭಿಸುವುದೆಂದು ಕುಕ್ಕುಟ ಪಂಚಾಂಗವನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಚರ್ಚಿಸಬಲ್ಲ ಹಿರಿಯರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಈ ಆಸಕ್ತಿಯ ಪ್ರಾಚೀನತೆಗೆ ಸಾಕ್ಷಿ ಬೇಕೆಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜರ ವಿನೋದಗಳ ನಡುವೆ ಕೋಳಿಯ ಕಾಳಗಕ್ಕೂ ಒಂದು ಸ್ಥಾನ ದೊರೆತಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಈ ವಿನೋದವನ್ನು ಅಪರಾಧವೆಂದು ಸಾರಿದ ಮೇಲೂ ಅದು ಪೂರ್ತಿ ನಿಂತಿಲ್ಲವೆಂಬುದು ಪತ್ರಿಕೆಯ ಓದುಗರಿಗೆ ತಿಳಿಯದ ಸಂಗತಿಯಲ್ಲ. ನನ್ನ ಅಚ್ಚರಿ ಬೇರೆ. ಕಾಲಿಗೆ ಬಾಳು ಕಟ್ಟಿಸಿಕೊಳ್ಳತಕ್ಕ ಹುಂಜವನ್ನು ದಿನವೂ ಎತ್ತಿ, ತೊಡೆಯ ಮೇಲಿಟ್ಟು, ಬೆರಳು ಬೆರಳನ್ನೂ ನೀವಿ ನೋಡುವ ಅದೇ ಮನೆಯ ಹಿತ್ತಿಲಿನಲ್ಲಿ, ವರ್ಷವಿಡೀ ಮೊಟ್ಟೆಯಿಟ್ಟು ಮನೆಯ ಹೆಂಗಸಿನ ಕೈಗೆ ಚಿಲ್ಲರೆ ಕಾಸು ಬರುವಂತೆ ಮಾಡುವ ಹೇಂಟೆಯು ಒಂದು ಕಾಲನ್ನು ಮಡಿಸಿಕೊಂಡು ಕುಂಟುತ್ತಿದ್ದರೆ, ಅದನ್ನು ಹಿಡಿದು ಪಾದ ತಿರುಗಿಸಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ನೋಡಿದರೆ ಕಾಣುವುದು ಇಷ್ಟು: ಅಂಗಾಲಿನ ನಡುವಣ ಮೆತ್ತೆ ಉಬ್ಬಿ ಬಿಸಿಯಾಗಿರುತ್ತದೆ, ಉಬ್ಬಿನ ನೆತ್ತಿಯಲ್ಲಿ ಕಿರಿದಾದ ಕಪ್ಪು ಹಕ್ಕಳೆಯೊಂದು ಕಚ್ಚಿಕೊಂಡಿರುತ್ತದೆ, ಬೆರಳುಗಳ ಸಂದಿಯಲ್ಲಿ ಚರ್ಮ ಹೊಳೆಯುತ್ತಿರುತ್ತದೆ. ಮುಳ್ಳಿನ ಮೊನೆಯಷ್ಟು ಗಾಯದಲ್ಲಿ ಸ್ಟ್ಯಾಫಿಲೊಕಾಕಸ್ ಮೊದಲಾದ ಸೂಕ್ಷ್ಮಾಣುಗಳು ಒಳಹೊಕ್ಕು ಉಂಟುಮಾಡುವ ಈ ವ್ರಣವು ಹೊಸದೇನೂ ಅಲ್ಲ. ಬೇಟೆಗೆಂದು ಸಾಕಿದ ಡೇಗೆಗಳನ್ನು ಪೀಡಿಸುವ ರೋಗವೆಂದು ಲೋಕದ ಡೇಗೆಗಾರರೆಲ್ಲ ಬಹುಕಾಲದಿಂದ ಇದನ್ನು ಬಲ್ಲರು. ಸಾಕಿದ ಹಕ್ಕಿಗೇ ಇದು ಹೆಚ್ಚಾಗಿ ಬರುವುದೆಂಬ ಒಂದು ಮಾತಿನಲ್ಲಿಯೇ ರೋಗದ ಮೂಲದ ಸುಳಿವೂ ಅಡಗಿದೆ. ಇದನ್ನು ಕಾಲಿನ ಹುರುಪೆಯೊಡನೆ ಬೆರೆಸಬಾರದು. ಹುರುಪೆಯೇಳುವುದು ಕಣ್ಣಿಗೆ ಕಾಣದ ನುಸಿಯಿಂದ, ಅದು ಮೊಳಕಾಲಿನಿಂದ ಕೆಳಗೆ ಶಲ್ಕಗಳನ್ನು ಎಬ್ಬಿಸಿ ಕಾಲನ್ನು ದಪ್ಪಗೂ ಒರಟಾಗಿಯೂ ಮಾಡುತ್ತದೆ, ಕೊಬ್ಬರಿ ಎಣ್ಣೆಯನ್ನು ಬಿಡದೆ ಕೆಲವು ವಾರ ಸವರಿದರೆ ನುಸಿ ಉಸಿರುಕಟ್ಟಿ ಸಾಯುತ್ತದೆ. ಅಂಗಾಲಿನ ವ್ರಣಕ್ಕೆ ಎಣ್ಣೆಯಿಂದ ಆಗುವ ಪ್ರಯೋಜನ ಬಹಳ ಕಡಮೆ.

ಅದಕ್ಕೆ ಕಾರಣವನ್ನು ಹಕ್ಕಿಯ ದೇಹರಚನೆಯಲ್ಲಿಯೇ ಹುಡುಕಬೇಕು. ಮನುಷ್ಯನಿಗೆ ಕುರುವಾದರೆ ಕೀವು ನೀರಾಗಿ, ಹಣ್ಣಾಗಿ, ಒಡೆದು ಹೊರಗೆ ಹರಿಯುತ್ತದೆ. ಕೀವನ್ನು ಹಾಗೆ ದ್ರವರೂಪಕ್ಕೆ ತರುವ ಕಿಣ್ವ ಕೋಳಿಯ ಬಿಳಿ ರಕ್ತಕಣಗಳಲ್ಲಿ ಇಲ್ಲವಾದುದರಿಂದ, ಅದರ ಕೀವು ಗಿಣ್ಣಿನಂತೆ ಗಟ್ಟಿಗಟ್ಟಿ, ಒಂದು ಗಂಟಾಗಿ, ಅಂಗಾಲಿನೊಳಗೆ ಕುಳಿತುಬಿಡುತ್ತದೆ. ಹಿಸುಕಿದರೆ ಅದು ಬಾರದು. ಬಲವಾಗಿ ಹಿಸುಕಿದರೆ ಇನ್ನೂ ಒಳಕ್ಕೆ, ಸ್ನಾಯುರಜ್ಜುವಿನ ಕಡೆಗೂ ಮೂಳೆಯ ಕಡೆಗೂ ಸರಿದೀತು. ನಮ್ಮ ಅಜ್ಜಿಯಂದಿರ ಅರಸಿನದ ಲೇಪವನ್ನು ನಾನು ಹಳಿಯುವವನಲ್ಲ. ಮೇಲಣ ಗೀರುಗಾಯಕ್ಕೆ ಅದನ್ನು ಹಚ್ಚುವುದರಿಂದ ಕೇಡೇನಿಲ್ಲ, ಆದರೆ ಹಕ್ಕಳೆಯ ಕೆಳಗೆ ಗಂಟು ಕಟ್ಟಿದ ಮೇಲೆ ಅರಸಿನವು ಹೊರಬಾಗಿಲಲ್ಲಿಯೇ ಉಳಿಯುತ್ತದೆ.

ಮನೆಯಲ್ಲಿ ಮಾಡತಕ್ಕುದು ಏನೂ ಇಲ್ಲವೆಂದಲ್ಲ. ಕತ್ತಲಾಗಿ ಕೋಳಿ ಗೂಡು ಸೇರಿದ ಮೇಲೆ ಅದನ್ನು ಸದ್ದಿಲ್ಲದೆ ಎತ್ತಿ, ರೆಕ್ಕೆಗಳನ್ನು ಕಂಕುಳಲ್ಲಿ ಅವಚಿಕೊಂಡು, ಪಾದವನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಳಿಬಿಟ್ಟರೆ, ಅಂಟಿದ ಹಿಕ್ಕೆಯೂ ಮಣ್ಣೂ ಕರಗಿ ಹಕ್ಕಳೆ ಮೆತ್ತಗಾಗುತ್ತದೆ. ಅನಂತರ ಒರಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಬೆರಳುಗಳ ನಡುವಿನಿಂದ ಹಾಯಿಸಿ ಕಟ್ಟಿ, ಒಣಹುಲ್ಲು ಹಾಸಿದ ಪ್ರತ್ಯೇಕ ಬುಟ್ಟಿಯಲ್ಲಿ ಇರಿಸಬೇಕು, ಪಟ್ಟಿಯನ್ನು ಒದ್ದೆಯಾಗಗೊಡದೆ ಬದಲಿಸುತ್ತಿರಬೇಕು. ಉಬ್ಬು ಚಿಕ್ಕದಿದ್ದಾಗ ಇಷ್ಟರಿಂದಲೇ ಎಷ್ಟೋ ವೇಳೆ ಗುಣವಾಗುತ್ತದೆ. ಗಂಟು ಬಲಿತು ಹಕ್ಕಿ ಕಾಲೂರಲಾರದೆ ಹೋದರೆ ಅದನ್ನು ತೆರೆದು ತೆಗೆಯುವುದು ಪಶುವೈದ್ಯರ ಕೆಲಸ, ಮನೆಯ ಬ್ಲೇಡಿನ ಕೆಲಸವಲ್ಲ. ಇದೇ ಸೂಕ್ಷ್ಮಾಣುವು ಮನುಷ್ಯನ ಕೈಯ ಗಾಯಕ್ಕೂ ಊಟದ ತಟ್ಟೆಗೂ ದಾಟಬಲ್ಲುದಾದ ಕಾರಣ, ಕೈಗೆ ಚೀಲ ತೊಟ್ಟೇ ಕೋಳಿಯನ್ನು ಮುಟ್ಟಬೇಕು, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಇಷ್ಟೆಲ್ಲ ಮಾಡಿ ಗುಣವಾದ ಕೋಳಿಗೆ ಮುಂದಿನ ಮಳೆಗಾಲದಲ್ಲಿ ಅದೇ ಪಾದದಲ್ಲಿಯೋ ಮತ್ತೊಂದರಲ್ಲಿಯೋ ಪುನಃ ವ್ರಣವೇಳುತ್ತದೆ. ಜನ ಆಗ ಔಷಧವನ್ನು ಬೈಯುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಮರುಕಳಿಸುವ ಪಾದವ್ರಣದಲ್ಲಿ ರೋಗಿಯೆಂದು ಕರೆಯಬೇಕಾದದ್ದು ಕೋಳಿಯನ್ನಲ್ಲ, ಹಿತ್ತಿಲನ್ನು. ಚಿಕಿತ್ಸೆ ಅಲ್ಲಿಂದ ಆರಂಭವಾಗದಿದ್ದರೆ ಉಪ್ಪುನೀರೂ ಅಯೋಡಿನ್ನೂ ವರ್ಷ ವರ್ಷವೂ ನಡೆಯತಕ್ಕ ವ್ರತವಾಗುತ್ತವೆ.

ನಮ್ಮ ನೆಲ ಎಂಥದೆಂಬುದನ್ನು ನೋಡಿ. ಫ್ರಾನ್ಸಿಸ್ ಬುಕಾನನ್ ನಮ್ಮ ಕರಾವಳಿಯನ್ನೂ ಮಲಬಾರನ್ನೂ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಇಲ್ಲಿನ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟು, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದೊಡನೆ ಗಟ್ಟಿಯಾಗುವ ಅದರ ಗುಣವನ್ನು ವಿಶೇಷವಾಗಿ ವರ್ಣಿಸಿದ್ದಾನೆ. ಮನೆ ಕಟ್ಟುವವನಿಗೆ ವರವಾದ ಈ ಗುಣವೇ ಅಂಗಳದಲ್ಲಿ ಚದರಿದ ಮುರಕಲ್ಲಿನ ಹರಳುಗಳ ಅಂಚನ್ನು ಹರಿತಗೊಳಿಸಿ ಕೋಳಿಯ ಅಂಗಾಲನ್ನು ಸೀಳುತ್ತದೆ. ಸುಮಾರು 4000 ಮಿಲಿಮೀಟರ್ ವಾರ್ಷಿಕ ಮಳೆಯ ಬಹುಭಾಗವು ನಾಲ್ಕೇ ತಿಂಗಳಲ್ಲಿ ಸುರಿಯುವ ಈ ಸೀಮೆಯಲ್ಲಿ, ಆಟಿ ತಿಂಗಳ ವೇಳೆಗೆ ಗೂಡಿನ ನೆಲ ಹಿಕ್ಕೆಯೂ ಕೆಸರೂ ಒಂದಾಗಿ, ನೆನೆದು ಮೆತ್ತಗಾದ ಪಾದದ ಚರ್ಮಕ್ಕೆ ಗೀರು ಬೀಳುವುದಕ್ಕೆ ಕಲ್ಲೂ ಬೇಕಾಗುವುದಿಲ್ಲ, ನಾಚಿಕೆಮುಳ್ಳೊಂದೇ ಸಾಕು. ಇನ್ನು ಕೋಳಿ ಕುಳಿತುಕೊಳ್ಳುವ ಅಡ್ಡಕೋಲು. ತೋಟದಲ್ಲಿ ಬಿದ್ದ ಅಡಿಕೆ ಮರವನ್ನು ಸೀಳಿ ಹಾಗೆಯೇ ಅಡ್ಡಗಟ್ಟುವ ನಮ್ಮ ಮಿತವ್ಯಯ ಶ್ಲಾಘ್ಯವೇ ಸರಿ. ಆದರೆ ಆ ಸೀಳಿನ ಅಂಚಿನಲ್ಲಿ ಕೈಯಾಡಿಸಿದವರಿಗೆ ಅದರ ಸಿಬಿರು ಎಂಥದೆಂದು ಗೊತ್ತು, ಕೋಳಿಯಾದರೋ ರಾತ್ರಿಯಿಡೀ ತನ್ನ ಭಾರವನ್ನೆಲ್ಲ ಅದರ ಮೇಲೆ ಊರಿ ನಿದ್ರಿಸಬೇಕು.

ಗೂಡನ್ನು ಎತ್ತರದಲ್ಲಿ ಕಟ್ಟುವ ಪದ್ಧತಿಗೆ ಕಾರಣವಿಲ್ಲದಿಲ್ಲ. ಚಾರ್ಮಾಡಿ ಘಾಟಿಯ ಬುಡದ ಮನೆಗಳಲ್ಲಿ ಮುಂಗುಸಿ, ಕಾಡುಬೆಕ್ಕು, ಹೆಬ್ಬಾವುಗಳ ಹಾವಳಿಯನ್ನು ಅನುಭವಿಸಿದವರಿಗೆ ಗೂಡನ್ನು ಕೆಳಗಿಳಿಸಿರೆಂದು ಉಪದೇಶಿಸುವುದು ಅವಿವೇಕ. ಗೂಡು ಎತ್ತರದಲ್ಲಿಯೇ ಇರಲಿ. ಒಳಗಿನ ಅಡ್ಡಕೋಲು ಗೂಡಿನ ನೆಲದಿಂದ ಒಂದು ಮೊಳಕ್ಕಿಂತ ಎತ್ತರವಿರದಿರಲಿ, ಎರಡು ಅಂಗುಲ ಅಗಲವಾಗಿ ಮೇಲಂಚು ದುಂಡಗೆ ನುಣುಪಾಗಿರಲಿ, ಹೊರಗೆ ಇಳಿಯುವುದಕ್ಕೆ ಓರೆಯಾಗಿ ಒಂದು ಹಲಗೆಯಿರಲಿ, ಹಲಗೆ ಮುಗಿಯುವಲ್ಲಿ ತರಗೆಲೆಯ ದಪ್ಪ ಹಾಸಿರಲಿ. ಗೂಡಿನೊಳಗೆ ಭತ್ತದ ಉಮಿಯನ್ನೋ ಮರದ ಹುಡಿಯನ್ನೋ ಹರಡಿ, ಒದ್ದೆಯಾದೊಡನೆ ತೆಗೆದು ತೆಂಗಿನ ಬುಡಕ್ಕೆ ಹಾಕಿದರೆ ಮರಕ್ಕೂ ಲಾಭ. ಗೂಡು ಶುಚಿಯಾಗಲೆಂದು ಸುಟ್ಟ ಸುಣ್ಣವನ್ನು ಒದ್ದೆ ನೆಲಕ್ಕೆ ಎರಚಿ ಆಗಲೇ ಕೋಳಿಗಳನ್ನು ಒಳಗೆ ಬಿಡುವವರುಂಟು. ಗಾಯವಿಲ್ಲದ ಪಾದವನ್ನೂ ಅದು ಸುಡುತ್ತದೆಂಬುದನ್ನು ಅವರು ಅರಿತಿರಬೇಕು. ಮೇವಿನ ಮಾತನ್ನೂ ಬಿಡುವಂತಿಲ್ಲ: ಉಳಿದ ಕುಚ್ಚಲಕ್ಕಿ ಅನ್ನವನ್ನೂ ನುಚ್ಚನ್ನೂ ತಿಂದೇ ಬೆಳೆಯುವ ಕೋಳಿಗೆ ಮೈ ತುಂಬುವುದು, ಆದರೆ ಚರ್ಮವನ್ನು ಗಟ್ಟಿಯಾಗಿಡುವ ಎ ಜೀವಸತ್ವ ದೊರೆಯದು; ಹಿತ್ತಿಲ ನುಗ್ಗೆಯ ಒಂದು ಹಿಡಿ ಸೊಪ್ಪು ಆ ಕೊರತೆಯನ್ನು ತುಂಬಬಲ್ಲದು.

ಇಲ್ಲಿ ಸರ್ಕಾರದ ಪಾತ್ರವನ್ನು ಪ್ರಸ್ತಾಪಿಸದಿರಲಾರೆ. ನಮ್ಮ ಹಳೆಯ ಊರಕೋಳಿ ಒಂದು ಒಂದೂವರೆ ಕಿಲೋಗ್ರಾಂ ತೂಗುವ ಹಗುರವಾದ ಹಕ್ಕಿ. ಹಲಸಿನ ಕೊಂಬೆಯಿಂದ ರೆಕ್ಕೆ ಬಡಿದು ಮೆಲ್ಲನೆ ಇಳಿಯುವ ಕಲೆ ಅದಕ್ಕೆ ಹುಟ್ಟಿನಿಂದಲೇ ಬಂದುದು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮೊದಲಾದ ತಳಿಗಳು ಹಿತ್ತಿಲ ಸಾಕಾಣಿಕೆಗೆಂದೇ ಬಂದವು, ಮೊಟ್ಟೆಗೂ ಮಾಂಸಕ್ಕೂ ಒದಗಿದವು, ಆ ವಿಜ್ಞಾನಿಗಳ ಪರಿಶ್ರಮವನ್ನು ಗೌರವಿಸತಕ್ಕದ್ದೇ. ಆದರೆ ಮೂರು ಕಿಲೋಗ್ರಾಂ ಮೀರಿ ಬೆಳೆಯುವ ಗಿರಿರಾಜದ ಹುಂಜ ಅದೇ ಎತ್ತರದಿಂದ ಇಳಿಯುವುದಿಲ್ಲ, ಬೀಳುತ್ತದೆ. ಹೊಸ ತಳಿಯ ಮರಿಗಳನ್ನು ಗ್ರಾಮೀಣ ಮಹಿಳೆಯರಿಗೆ ಹಂಚುವ ಯೋಜನೆಗಳು ಮರಿಯನ್ನು ಕೊಡುತ್ತವೆ, ಕೊಕ್ಕರೆ ರೋಗದ ಲಸಿಕೆಯ ಮಾತನ್ನೂ ಆಡುತ್ತವೆ; ಆ ಮರಿ ಬೆಳೆದು ಭಾರವಾದಾಗ ಹಳೆಯ ಗೂಡು ಅದಕ್ಕೆ ಒಗ್ಗದೆಂಬುದನ್ನು ಹೇಳುವುದು ಯಾರ ಹೊಣೆ? 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಹಿತ್ತಿಲ ಕೋಳಿಗಳ ಸಂಖ್ಯೆ 31 ಕೋಟಿಯನ್ನು ಮೀರಿತು, ಹಿಂದಿನ ಗಣತಿಗಿಂತ ಸುಮಾರು ಶೇಕಡ 46ರಷ್ಟು ಹೆಚ್ಚು. ಇಷ್ಟು ಹಕ್ಕಿಗಳನ್ನು ಎಣಿಸಲು ಬಲ್ಲ ವ್ಯವಸ್ಥೆಗೆ ಅವುಗಳ ಕಾಲನ್ನು ನೋಡುವ ಅಭ್ಯಾಸ ಇನ್ನೂ ಬಂದಿಲ್ಲ.

ಈ ಶೂನ್ಯವನ್ನು ಔಷಧದಂಗಡಿ ತುಂಬುತ್ತಿದೆ. ದನವನ್ನು ಕಾಣಲು ವೈದ್ಯರನ್ನು ಕರೆಯುವ ಮನೆಯವರಿಗೂ ಒಂದು ಕೋಳಿಗಾಗಿ ಕರೆಯಲು ಸಂಕೋಚ; ಆದುದರಿಂದ ಮನುಷ್ಯನಿಗೆ ತಂದು ಉಳಿದ ಕ್ಯಾಪ್ಸೂಲನ್ನು ಒಡೆದು ಅನ್ನದಲ್ಲಿ ಕಲಸಿ ಹಾಕುವುದು ರೂಢಿಯಾಗಿದೆ. ಗಟ್ಟಿಯಾದ ಗಂಟಿನೊಳಕ್ಕೆ ಆ ಔಷಧ ಸರಿಯಾಗಿ ಇಳಿಯುವುದಿಲ್ಲ, ಆದರೆ ಮೊಟ್ಟೆಯೊಳಕ್ಕೆ ಇಳಿಯಬಲ್ಲದು. ಆ ಮೊಟ್ಟೆಯನ್ನು ಮನೆಯ ಮಗು ತಿನ್ನುತ್ತದೆ. ಪ್ರತಿಜೀವಕಗಳಿಗೆ ಮಣಿಯದ ಸೂಕ್ಷ್ಮಾಣುಗಳ ಭೀತಿಯಿಂದ ಕೇಂದ್ರ ಸರ್ಕಾರವು 2019ರಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತಾದರೂ, ಅಡುಗೆಮನೆಯ ಡಬ್ಬಿಯಲ್ಲಿ ಉಳಿದ ಕ್ಯಾಪ್ಸೂಲಿಗೆ ಯಾವ ಆಜ್ಞೆಯೂ ತಾಗದು.

ಪಶುಪಾಲನಾ ಇಲಾಖೆಗೆ ನನ್ನ ಸೂಚನೆ ದುಬಾರಿಯಾದುದಲ್ಲ. ಮರಿ ಹಂಚುವ ದಿನ, ಸಹಿ ಹಾಕಿಸಿಕೊಳ್ಳುವ ಮೇಜಿನ ಪಕ್ಕದಲ್ಲಿಯೇ, ಅಂಚು ದುಂಡಗೆ ಹೆರೆದ ಒಂದು ಅಡ್ಡಕೋಲನ್ನೂ ಇಳಿಜಾರು ಹಲಗೆಯನ್ನೂ ಇಟ್ಟು ತೋರಿಸಲಿ; ಹಳ್ಳಿಗಳಲ್ಲಿ ಜಾನುವಾರುಗಳ ಆರೈಕೆಗೆ ನೆರವಾಗುವ ಪಶುಸಖಿಯರಿಗೆ ಲಸಿಕೆಯ ಜೊತೆಗೆ ಪಾದ ತಿರುಗಿಸಿ ನೋಡುವುದನ್ನೂ ಪಟ್ಟಿ ಕಟ್ಟುವುದನ್ನೂ ಕಲಿಸಲಿ; ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಬಂಟ್ವಾಳದ ಒಳಹಳ್ಳಿಯ ಅಕ್ಕ ಒಬ್ಬಳು ತನ್ನ ಹೇಂಟೆ ಕುಂಟುತ್ತಿದೆಯೆಂದು ಹೇಳಿದಾಗ ಅತ್ತಕಡೆಯವರು ನಗದಿರಲಿ. ಇದೆಲ್ಲ ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ ಮುಂಚೆ, ಗೂಡಿನ ನೆಲ ಇನ್ನೂ ಒಣಗಿರುವಾಗ, ಆಗಬೇಕಾದ ಕೆಲಸ. ಆಟಿಯ ಮಳೆಯಲ್ಲಿ ಉಮಿಯ ಚೀಲ ಹುಡುಕಿಕೊಂಡು ಹೊರಟವರಿಗೆ ಒಣ ಉಮಿ ಎಲ್ಲಿಯೂ ಸಿಕ್ಕುವುದಿಲ್ಲ.